ಒಳಲೆಯ ಹಾಲು

ನಮ್ಮ ಅಮ್ಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಗರದ ನಮ್ಮ ಕೇರಿಯಲ್ಲಿ ಎಳೆಮಕ್ಕಳನ್ನು ಮೀಯಿಸಿದವಳು. ಹೆರಿಗೆಯಾದ ಮನೆಯವರು ಹೇಳಿಕಳುಹಿಸಿದರೆ ಬೆಳಿಗ್ಗೆ ಹೋಗಿ, ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹೊಯ್ಯುತ್ತಿದ್ದಳು. ಆಮೇಲೆ ಮಗುವನ್ನು ಹಳೆ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ, ಅದೇ ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ ಹಾಲು ಕುಡಿಸಿ ಎದ್ದು ಬರುತ್ತಿದ್ದಳು. ಒಳಲೆ ಎಂದರೆ ಒಂದು ಬದಿಗೆ ಚೂಪು ಮೂತಿಯಿರುವ ಪುಟ್ಟ ಬಟ್ಟಲು. ಅಮ್ಮನದು ಹಿತ್ತಾಳೆಯದು, ಒಳಗೆ ಕಲಾಯಿ ಹಾಕಿಸಿದ್ದು. ತನ್ನ ಕೈಯಲ್ಲಿ ಯಾವ ಮಗುವಿಗೂ ಹಾಲು ನೆತ್ತಿಗೆ ಹತ್ತಿಲ್ಲ ಎಂದು ಆಗಾಗ ಹೇಳುತ್ತಿದ್ದಳು. ಅದು ನಿಜ. ಕೇರಿಯವರೂ ಹಾಗೇ ಹೇಳುತ್ತಿದ್ದರು.

ಮೊಣಕಾಲು ನೋವು ಬಂದ ಮೇಲೆ ಅವಳು ಹೋಗುವುದನ್ನು ನಿಲ್ಲಿಸಿದಳು. ಕರೆಯುವವರೂ ಕಡಿಮೆಯಾಗಿದ್ದರು. ಎರಡು ವರ್ಷ ಅವಳ ಕೈಗೆ ಕೆಲಸವೇ ಇರಲಿಲ್ಲ. ಟೀವಿ ನೋಡುತ್ತ ಸೆರಗಿನ ಅಂಚನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದಳು. ಹೊಸನಗರದಲ್ಲಿರುವ ನನ್ನ ಗೆಳತಿಯೊಬ್ಬಳು ಫೋನು ಮಾಡಿ, ತಾಯಿಬೆಕ್ಕು ಲಾರಿಗೆ ಸಿಕ್ಕಿ ಸತ್ತಿದೆ, ಎರಡು ಮರಿ ಉಳಿದಿವೆ, ಯಾರಿಗಾದರೂ ಬೇಕೇ ಎಂದು ಕೇಳಿದಾಗ ನಾನು ಅಮ್ಮನ ಕೈಗಳನ್ನೇ ನೆನೆದು ಬೇಕು ಎಂದೆ. ಮರಿಗಳ ಮೇಲಿನ ಪ್ರೀತಿಯಿಂದ ತಂದೆ ಎಂದು ಹೇಳಿದರೆ ಸುಳ್ಳಾದೀತು.

ಭಾನುವಾರ ಹೋಗಿ, ಮುಚ್ಚಳವಿದ್ದ ಬೆತ್ತದ ಬುಟ್ಟಿಯಲ್ಲಿ ತಂದೆ. ಬಸ್ಸಿನಲ್ಲಿ ಬುಟ್ಟಿ ಕುಂಯ್ ಎಂದಿತು. ಕಂಡಕ್ಟರು ಬಗ್ಗಿ ನೋಡಿ, "ಎಂತ ಅಕ್ಕ, ಮಕ್ಕಳಿಗೆ ಟಿಕೆಟ್ ಬೇಡ್ವಾ?" ಎಂದ.

"ತೊಡೆ ಮೇಲೆ ಕೂರಿಸ್ಕೊಂಡಿದೀನಲ್ಲ," ಎಂದೆ.

"ಹಂಗಾದ್ರೆ ಆಯ್ತು. ಹಲ್ಲು ಬಂದ್ಮೇಲೆ ಅರ್ಧ ಟಿಕೆಟ್," ಎಂದು ಮುಂದೆ ಹೋದ.

ಮರಿಗಳಿಗೆ ಹಲ್ಲು ಆಗತಾನೇ ಮೂಡುತ್ತಿತ್ತು. ಕಣ್ಣು ಬಿಟ್ಟಿದ್ದವು, ಬಣ್ಣ ಇನ್ನೂ ಮಬ್ಬು ನೀಲಿ. ಒಂದು ಕಂದು, ಇನ್ನೊಂದು ಬೂದು. ಹೊಸದಾಗಿ ತಂದ ಬೆಕ್ಕನ್ನು ಒಲೆಗೆ ಮೂರು ಸುತ್ತು ಹಾಕಿಸಿದರೆ ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ಅಮ್ಮನ ತವರಿನ ಕ್ರಮ. ನಮ್ಮ ಗ್ಯಾಸ್ ಒಲೆ ಗೋಡೆಗೆ ಅಂಟಿಕೊಂಡಿದೆ, ಸುತ್ತು ಬರಲಾಗದು. ಅವಳು ಒಲೆಯೆದುರು ನಿಂತು ಒಂದೊಂದನ್ನೇ ಅಂಗೈಯಲ್ಲಿಟ್ಟು ಆರತಿಯಂತೆ ಮೂರು ಸಲ ಎತ್ತಿದಳು. "ಸಾಕು, ಇಷ್ಟು ಸಣ್ಣವಕ್ಕೆ ಇಷ್ಟೇ ಸುತ್ತು," ಎಂದಳು.

ಆ ಸಂಜೆಯೇ ಅಟ್ಟದಿಂದ ಒಳಲೆ ಇಳಿಯಿತು. ಹುಣಸೆಹಣ್ಣು ಹಾಕಿ ತಿಕ್ಕಿದಳು. ಹಸುವಿನ ಹಾಲಿಗೆ ಅಷ್ಟೇ ನೀರು ಬೆರೆಸಿ ಕಾಯಿಸಿ, ಮೊಣಕೈಗೆ ಒಂದು ಹನಿ ಬಿಟ್ಟು ಬಿಸಿ ನೋಡಿದಳು. ಅಡುಗೆಮನೆಯ ನೆಲದ ಮೇಲೆ, ನೋವಿದ್ದರೂ, ಕಾಲು ಚಾಚಿ ಕೂತಳು. ಬೂದು ಮರಿಯನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಕಾಲ ಮೇಲೆ ಅಂಗಾತ ಮಲಗಿಸಿದಳು. ಮರಿ ಬಟ್ಟೆಯೊಳಗಿಂದ ಕಾಲು ಹೊರಗೆ ಹಾಕಿ ತಿರುಗಲು ನೋಡಿತು. ಮತ್ತೆ ಸುತ್ತಿದಳು, ಮತ್ತೆ ತಿರುಗಿತು.

"ಕಾಲು ಹಿಡ್ಕ ಮಾರಾಯ್ತಿ, ಇದು ನಿನ್ನಂಗೇ ಹಟಮಾರಿ."

ನಾನು ಎದುರು ಕೂತು ಎರಡು ಬೆರಳಿನಿಂದ ಅದರ ಮುಂಗಾಲುಗಳನ್ನು ಹಿಡಿದೆ. ಬಿಗಿಯಾಗಿಯೇ ಹಿಡಿದೆ. ಅಮ್ಮ ಒಳಲೆಯ ಮೂತಿಯನ್ನು ಬಾಯಿಯ ಮೂಲೆಗಿಟ್ಟು ಹಾಲು ಬಿಟ್ಟಳು. ಎರಡನೆಯ ಗುಟುಕಿಗೆ ಮರಿ ಕೆಮ್ಮಿತು. ಅಮ್ಮ ಅದರ ನೆತ್ತಿಯನ್ನು ಬೆರಳ ತುದಿಯಿಂದ ತಟ್ಟಿ, ಬಗ್ಗಿ ಊದಿದಳು. ಹುಣಸೆಬೀಜದಷ್ಟು ಅಗಲದ ನೆತ್ತಿ ಅದು. ಕೆಮ್ಮು ನಿಂತಿತು. ಮತ್ತೆ ಕುಡಿಸಿದಳು. ಎರಡು ವರ್ಷದಲ್ಲಿ ಅವಳ ಮುಖ ಅಷ್ಟು ಹಗುರಾದುದನ್ನು ನಾನು ಕಂಡಿರಲಿಲ್ಲ.

ಎರಡು ದಿನ ಹೀಗೆಯೇ ನಡೆಯಿತು. ನಾನು ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು, ಹಗಲು ಮನೆಯಲ್ಲಿರುವುದಿಲ್ಲ. ಎರಡಕ್ಕೂ ಹೊಟ್ಟೆ ಕೆಟ್ಟಿತು. ಅಮ್ಮ ಹಾಲಿಗೆ ನೀರು ಹೆಚ್ಚು ಮಾಡಿದಳು. ಮಂಗಳವಾರ ಸಂಜೆ ನಾನು ಬರುವಾಗ ಬೂದು ಮರಿ ಬುಟ್ಟಿಯ ಮೂಲೆಯಲ್ಲಿ ಕುತ್ತಿಗೆ ಮುಂದಕ್ಕೆ ಚಾಚಿ ಕೂತಿತ್ತು. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಅಮ್ಮ, "ಶೀತ ಕಣೇ. ಬೆಳಿಗ್ಗೆ ಚಳಿ ಇತ್ತಲ್ಲ," ಎಂದು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟಿದ್ದಳು.

ಬುಧವಾರ ಬೆಳಿಗ್ಗೆ ಅದನ್ನು ಪಶು ಆಸ್ಪತ್ರೆಗೆ ಒಯ್ದೆ. ಅಮ್ಮ ಕಂದು ಮರಿಯ ಬಳಿ ಉಳಿದಳು. ನನ್ನ ಮುಂದೆ ಒಂದು ಎಮ್ಮೆಗರು ಇತ್ತು. ಡಾಕ್ಟರು ಅದನ್ನು ಮುಗಿಸಿ ಕೈತೊಳೆದು ಬಂದು ಮರಿಯ ಎದೆಗೆ ಸ್ಟೆತಸ್ಕೋಪು ಇಟ್ಟರು. ಅದರ ಬಿಲ್ಲೆ ಮರಿಯ ಎದೆಗಿಂತ ದೊಡ್ಡದಿತ್ತು. ಬಹಳ ಹೊತ್ತು ಕೇಳಿ, "ಹಾಲು ಹೇಗೆ ಕುಡಿಸಿದ್ರಿ?" ಎಂದರು.

ನಾನು ಮೇಜಿನ ಮೇಲೆ ಕೈಯಲ್ಲೇ ತೋರಿಸಿದೆ. ಅಂಗಾತ, ಬಟ್ಟೆಯಲ್ಲಿ ಸುತ್ತಿ, ಬಾಯಿಗೆ ಹೊಯ್ದು.

"ಹಾಗೆ ಕುಡಿಸಬಾರದಮ್ಮಾ. ಇವು ತಾಯಿ ಹತ್ರ ಹೊಟ್ಟೆ ಅಡಿಯಾಗಿ ಮಲಗಿ ಕುಡಿಯೋವು. ಅಂಗಾತ ಮಾಡಿ ಹೊಯ್ದರೆ ಹಾಲು ಶ್ವಾಸಕೋಶಕ್ಕೆ ಹೋಗ್ತದೆ. ಇದಕ್ಕೆ ಹೋಗಿದೆ." ಇಂಜೆಕ್ಷನ್ ಕೊಟ್ಟರು. ಹಸುವಿನ ಹಾಲು ನಿಲ್ಲಿಸಿ, ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ತರಿಸಿ ಎಂದರು. ಸೂಜಿಯಿಲ್ಲದ ಸಣ್ಣ ಸಿರಿಂಜ್ ಒಂದನ್ನು ಕೈಗಿಟ್ಟರು. ಮನೆಯಲ್ಲಿ ಇನ್ನೊಂದಿದೆ ಎಂದೆ. "ಇದು ಉಳಿಯೋದು ಕಷ್ಟ. ಇನ್ನೊಂದನ್ನ ನೋಡ್ಕೊಳ್ಳಿ," ಎಂದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಎಂತ ಅಂದ್ರು?"

"ಶೀತವಂತೆ," ಎಂದೆ.

ಆ ಮಾತನ್ನು ಯಾಕೆ ಹೇಳಿದೆ ಎಂದು ಅಂದಿನಿಂದಲೂ ಕೇಳಿಕೊಂಡಿದ್ದೇನೆ. ಅವಳಿಗೆ ನೋವಾಗಬಾರದು ಎಂಬುದಿತ್ತು. ಹೇಳಿದರೆ ಕಾಲು ಹಿಡಿದವಳು ನಾನು ಎಂಬುದೂ ಹೊರಬರುತ್ತದೆ ಎಂಬುದೂ ಇತ್ತು. ಯಾವುದು ಎಷ್ಟು ಎಂದು ಇವತ್ತಿಗೂ ಬಿಡಿಸಲಾರೆ.

ಬೂದು ಮರಿ ಮರುದಿನ ಮಧ್ಯಾಹ್ನ ಅಮ್ಮನ ಮಡಿಲಲ್ಲಿ ಸತ್ತಿತು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಬಾಯಿ ತೆರೆದು ನಾಲ್ಕು ಸಲ ಉಸಿರೆಳೆಯಿತು, ಐದನೆಯದು ಬರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಅದರ ನೆತ್ತಿ ಊದುತ್ತಲೇ ಇದ್ದಳು. ಹಿತ್ತಲಿನ ದಾಸವಾಳದ ಗಿಡದ ಪಕ್ಕ ನಾನೇ ಗುಂಡಿ ತೋಡಿದೆ. ಅಮ್ಮ ಪಂಚೆಯ ತುಂಡನ್ನೂ ಜೊತೆಗೇ ಇಡು ಎಂದಳು.

ಪುಡಿ ಇನ್ನೂ ಬಂದಿರಲಿಲ್ಲ; ಅಂದು ಸಂಜೆ ಕಂದು ಮರಿಗೆ ನೀರು ಬೆರೆಸಿದ ಹಸುವಿನ ಹಾಲನ್ನೇ ನಾನು ಸಿರಿಂಜಿನಲ್ಲಿ ಕುಡಿಸಿದೆ. ಬೆಳಿಗ್ಗೆಯೂ ಕುಡಿಸಿದೆ. ತೀರ್ಥಹಳ್ಳಿಯ ಮೆಡಿಕಲ್ ಅಂಗಡಿಯಲ್ಲಿ ಹಾಲಿನ ಪುಡಿಯ ಒಂದು ಡಬ್ಬಿ ಇದೆ ಎಂದು ಗೊತ್ತಾಗಿ, ಬಸ್ಸಿನಲ್ಲಿ ಕೊಟ್ಟು ಕಳುಹಿಸಲು ಹೇಳಿದ್ದೆ. ಶುಕ್ರವಾರ ಕೆಲಸಕ್ಕೆ ಹೊರಡುವಾಗ, "ಮಧ್ಯಾಹ್ನ ಇದರಲ್ಲೇ ಕುಡ್ಸಮ್ಮ. ಡಾಕ್ಟ್ರು ಹೇಳಿದಾರೆ," ಎಂದು ಸಿರಿಂಜನ್ನು ಮುಂದಿಟ್ಟೆ.

"ಇಂಜೆಕ್ಷನ್ ಪಿಚಕಾರಿಲಿ ಯಾರು ಮಕ್ಕಳಿಗೆ ಹಾಲು ಕುಡಿಸ್ತಾರೆ? ನೀ ಹೋಗು, ನಂಗೆ ಕಲಿಸ್ಬೇಡ," ಎಂದು ನಕ್ಕಳು.

ಆಗಲೂ ನಾನು ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಬಸ್ಸು ಇನ್ನೊಂದು ಇತ್ತು ಎಂಬುದೂ ನನಗೆ ಗೊತ್ತಿತ್ತು.

ಒಂದು ಗಂಟೆ ದಾಟಿದ ಮೇಲೆ ಅಮ್ಮನ ಫೋನು ಬಂತು. "ಮಗಾ, ಇದರ ಮೂಗಲ್ಲಿ ಹಾಲು ಬಂತು. ಕೆಮ್ತಾ ಇದೆ. ನೆತ್ತಿ ತಟ್ಟಿದೀನಿ, ನಿಲ್ತಾ ಇಲ್ಲ."

"ಬೋರಲು ಹಾಕಮ್ಮ. ತಲೆ ಸ್ವಲ್ಪ ಕೆಳಗೆ ಮಾಡಿ ಹಿಡ್ಕ. ಮೂಗು ಒರ್ಸು. ಇನ್ನೊಂದು ಹನಿನೂ ಹಾಕ್ಬೇಡ. ಬಂದೆ."

ಆಟೋದಲ್ಲಿ ಬಂದೆ. ಅಮ್ಮ ನೆಲದ ಮೇಲೇ ಕೂತಿದ್ದಳು, ಮರಿಯನ್ನು ಅಂಗೈಯಲ್ಲಿ ಬೋರಲು ಹಿಡಿದುಕೊಂಡು. ಕೆಮ್ಮು ನಿಂತಿತ್ತು. ಒಳಲೆ ದೂರಕ್ಕೆ ಉರುಳಿ, ಚೆಲ್ಲಿದ ಹಾಲಿಗೆ ಇರುವೆ ಮುತ್ತಿತ್ತು. ಅವಳು ತಲೆಯೆತ್ತಲಿಲ್ಲ.

"ಬೋರಲು ಹಾಕ್ಬೇಕು ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

ನಾನು ಪಕ್ಕದಲ್ಲಿ ಕೂತು ಹೇಳಿದೆ. ಡಾಕ್ಟರು ಕೇಳಿದ್ದು, ನಾನು ತೋರಿಸಿದ್ದು, ಅವರು ಹೇಳಿದ್ದು, ಎಲ್ಲವನ್ನೂ ಆದ ಕ್ರಮದಲ್ಲಿ ಹೇಳಿದೆ. ಶೀತ ಎಂದದ್ದು ನನ್ನದೇ ಮಾತು ಎಂದೆ.

ಅಮ್ಮ ಮರಿಯ ಮೂಗನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. "ಹಂಗಾದ್ರೆ ಅದು ನನ್ನ ಕೈಯಲ್ಲೇ ಹೋಯ್ತು."

"ಕಾಲು ಹಿಡಿದೋಳು ನಾನು."

"ನೀನು ನಾ ಹೇಳಿದ್ದಕ್ಕೆ ಹಿಡಿದೆ. ತಿರುಗ್ತಾ ಇತ್ತು ಕಣೇ. ಎಷ್ಟು ಸಲ ತಿರುಗ್ತು. ಅದಕ್ಕೆ ಗೊತ್ತಿತ್ತು, ನಮಗೆ ಗೊತ್ತಿರ್ಲಿಲ್ಲ," ಎಂದಳು. ಮತ್ತೆ, "ಬುಧವಾರವೇ ಹೇಳಿದ್ರೆ ಇದಾದ್ರೂ ಕೆಮ್ತಿರ್ಲಿಲ್ಲ," ಎಂದಳು. ಸಿಟ್ಟಿರಲಿಲ್ಲ. ಆದದ್ದನ್ನು ಇದ್ದ ಹಾಗೆ ಹೇಳಿದಳು.

ನಾನು ಎದ್ದು ಬುಟ್ಟಿ ತಂದೆ.

ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಎದೆ ಕೇಳಿ, ಸದ್ಯ ಏನೂ ಇಲ್ಲ, ಎರಡು ದಿನ ಉಸಿರು ನೋಡುತ್ತಿರಿ ಎಂದು ಔಷಧಿ ಕೊಟ್ಟರು. ಅಮ್ಮ ಮುಂದೆ ಹೋಗಿ, "ನಂಗೆ ಒಂದ್ಸಲ ಮಾಡಿ ತೋರಿಸಿ," ಎಂದು ಕೇಳಿದಳು. ಅವರು ಮರಿಯನ್ನು ಮೇಜಿನ ಮೇಲೆ ಹೊಟ್ಟೆ ಅಡಿಯಾಗಿ ಕೂರಿಸಿ, ತಲೆಯನ್ನು ಇದ್ದ ಹಾಗೇ ಬಿಟ್ಟು, ಬಾಯಿಯ ಬದಿಯಿಂದ ಒಂದು ಹನಿ ಕೊಟ್ಟು, ನುಂಗುವವರೆಗೆ ಕಾದರು. "ಅವಸರ ಮಾಡಬಾರದು ಅಷ್ಟೇ. ಮಕ್ಕಳನ್ನ ಸಾಕಿದೋರು ನೀವು, ಕೈಗೆ ಬರ್ತದೆ."

"ಮಕ್ಕಳದ್ದು ಬೇರೆ ಆಯ್ತಲ್ಲ," ಎಂದಳು ಅಮ್ಮ.

ಬರುವಾಗ ಬಸ್‌ಸ್ಟ್ಯಾಂಡಿಗೆ ಹೋಗಿ, ತೀರ್ಥಹಳ್ಳಿಯ ಬಸ್ಸಿನ ಡ್ರೈವರ್ ಸೀಟಿನ ಪಕ್ಕದಿಂದ ಡಬ್ಬಿ ಇಳಿಸಿಕೊಂಡೆವು. ಅಮ್ಮ ಅದನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದಳು.

ಎರಡು ದಿನ ಅವಳು ಮರಿಯನ್ನು ಮುಟ್ಟಲೇ ಇಲ್ಲ. ನಾನು ಕುಡಿಸುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮರಿಯ ಪಕ್ಕೆ ಎಷ್ಟು ಸಲ ಏಳುತ್ತದೆ ಎಂದು ನಾವಿಬ್ಬರೂ ನೋಡುತ್ತಲೇ ಇದ್ದೆವು. ಕೆಮ್ಮು ಬರಲಿಲ್ಲ. ಹೊಟ್ಟೆಯೂ ಸರಿಯಾಯಿತು. ಸೋಮವಾರ ನಾನು ಕೆಲಸಕ್ಕೆ ಹೋಗಲೇಬೇಕಿತ್ತು. ಬೆಳಿಗ್ಗೆ ಪುಡಿ ಕಲಸುತ್ತಿದ್ದಾಗ ಅಮ್ಮ ಬಂದು ಗೋಡೆ ಹಿಡಿದು ನೆಲದ ಮೇಲೆ ಕೂತು, ಕಾಲು ಚಾಚದೆ ಮಡಚಿಕೊಂಡು, "ಕೊಡು," ಎಂದಳು.

ಮರಿಯನ್ನು ತೊಡೆಯ ಮೇಲೆ ಹೊಟ್ಟೆ ಅಡಿಯಾಗಿ ಇಟ್ಟುಕೊಂಡಳು. ಮರಿ ಮುಂಗಾಲುಗಳಿಂದ ಅವಳ ಸೀರೆಯನ್ನು ಒತ್ತಿತು, ಒಂದಾದ ಮೇಲೊಂದು. ಸಿರಿಂಜಿನ ತುದಿಯನ್ನು ಬಾಯಿಯ ಬದಿಗಿಟ್ಟು, ಹನಿ ಬಿಡುವ ಮೊದಲು ನನ್ನ ಕಡೆ ನೋಡಿದಳು.

"ಹಿಂಗೇ ಅಲ್ವಾ?"

"ಹಿಂಗೇ ಅಮ್ಮ."

ಮರಿಗೆ ಈಗ ಹಲ್ಲು ಬಂದಿವೆ. ಬೇಯಿಸಿದ ಮೀನು ಬಿಡಿಸಿ ಅನ್ನದ ಜೊತೆ ಹಿಸುಕಿಟ್ಟರೆ ತಟ್ಟೆಯಿಂದ ತಾನೇ ತಿನ್ನುತ್ತದೆ, ಯಾರೂ ಹಿಡಿಯಬೇಕಿಲ್ಲ. ಆದರೂ ತಟ್ಟೆ ಕೆಳಗಿಡುವ ಮುಂಚೆ ಅಮ್ಮ ಮುಳ್ಳು ತೆಗೆದ ಮೀನನ್ನು ಬೆರಳಿನಿಂದ ಇನ್ನೊಮ್ಮೆ ತಡಕಿ, ನನ್ನ ಕಡೆ ಚಾಚಿ ಕೇಳುತ್ತಾಳೆ, ಹಿಂಗೇ ಅಲ್ವಾ ಎಂದು. ಕೇರಿಯ ಅಷ್ಟೂ ಮಕ್ಕಳನ್ನು ಮೀಯಿಸುವಾಗ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ನಾನು ಬೇರೆ ಏನೇ ಮಾಡುತ್ತಿದ್ದರೂ ಎದ್ದು ಹೋಗಿ, ಬೆರಳಾಡಿಸಿ ನೋಡಿ, ಹೌದು ಎನ್ನುತ್ತೇನೆ.