ಬಾಗಿಲಿಗೆ ಕಟ್ಟಿದ ಖರೆ ಬೇವು

ಮಾಸೂರಿನ ಆ ಓಣಿಯಲ್ಲಿ ಒಂದು ಬಾಗಿಲೂ ಬಿಡದಂತೆ ಬೇವಿನ ಟೊಂಗೆ ತೂಗುತ್ತಿತ್ತು. ಬ್ರಿಟಿಷರ ಕಾಲದ ಕೊನೆಯ ಬೇಸಿಗೆಗಳಲ್ಲೊಂದು; ಸಿಡುಬಿನ ಲಸಿಕೆ ಹಾಕಲು ಹೋದವನು ನಾನು. ಬೇವು ಕಟ್ಟಿದ್ದರೆ ಒಳಗೆ ದೇವಿ, ಅಂದರೆ ಸಿಡುಬು, ಬಂದಿದ್ದಾಳೆ ಎಂದರ್ಥ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಇಷ್ಟೂ ಮನೆಗೆ ಒಮ್ಮೆಲೇ ಬಂದಳೇ? ನನ್ನನ್ನು ದೂರವಿಡುವ ಉಪಾಯವೆಂದು ಗೊತ್ತಿತ್ತು. ಆದರೆ ಯಾವುದು ಸುಳ್ಳು, ಯಾವುದು ನಿಜ? ಬಿಸಿಲೇರಿದರೆ ಪೆಟ್ಟಿಗೆಯಲ್ಲಿದ್ದ ಲಸಿಕೆ ಕೆಡುತ್ತದೆ. ಓಣಿಯುದ್ದಕ್ಕೂ ತಿರುಗಿದೆ, ಸಿಟ್ಟಿನಿಂದ ಕೂಗಾಡಿದೆ. ಒಂದು ಕದವೂ ತೆರೆಯಲಿಲ್ಲ.

ಕೊನೆಗೆ ಮೂಲೆಮನೆಯ ಹೊಸ್ತಿಲೊಳಗೆ ನಿಂತು ಹೆಂಗಸೊಬ್ಬಳು ಓಣಿಗೆಲ್ಲ ಕೇಳುವಂತೆ ಕೂಗಿದಳು: “ಈ ಕಡೆ ಬರಬ್ಯಾಡ್ರಿ. ನಮ್ಮ ಬಾಗಲದಾಗಿಂದು ಅಷ್ಟ ಖರೆ ಬೇವು. ನನ್ನ ಕೂಸು ಮೂರು ದಿನದಿಂದ ಕಣ್ಣ ತೆರದಿಲ್ಲ. ಉಳಿದವರದೆಲ್ಲಾ ಸುಳ್ಳರಿ, ಅವರ ಕೂಸುಗಳಿಗರ ಹಾಕ್ರಿ!”

ಎದುರುಮನೆಯ ಅಜ್ಜಿ ತನ್ನ ಬಾಗಿಲ ಟೊಂಗೆಯನ್ನು ಕಿತ್ತೆಸೆದು ಮೊಮ್ಮಗಳ ತೋಳನ್ನು ಮುಂದೆ ಹಿಡಿದಳು. ಆಮೇಲೆ ಕದಗಳು ಒಂದೊಂದಾಗಿ ತೆರೆದವು.

ಆ ಓಣಿಯ ಮಕ್ಕಳ ಹೆಸರನ್ನೆಲ್ಲ ಬರೆದುಕೊಂಡು ಬಂದೆ. ಲಸಿಕೆ ಕೆಟ್ಟೀತೆಂಬ ಅವಸರದಲ್ಲಿ ಮೂಲೆಮನೆಯವಳ ಕೂಸಿನ ಹೆಸರೊಂದನ್ನು ಮಾತ್ರ ಕೇಳಲಿಲ್ಲ.