ಗೂಡಿನ ತಕ್ಕಡಿಯಲ್ಲಿ ಮೊಮ್ಮಗಳು

ನನ್ನ ಮೊಮ್ಮಗಳು ಹುಟ್ಟಿದ್ದೇ ಹೃದಯದಲ್ಲೊಂದು ರಂಧ್ರ ಇಟ್ಟುಕೊಂಡು. ಪಕ್ಕದ ಮನೆಯವರು ಸೀನಿದರೂ ಮೊಬೈಲಿನಲ್ಲಿ ರೋಗ ಹುಡುಕುವ ಮನುಷ್ಯ ನಾನು. ಇನ್ನು ಇಂಥದ್ದು ಸಿಕ್ಕರೆ ಕೇಳಬೇಕೆ!

"ಐದು ಕೆಜಿ ಆಗಲಿ, ಆಪರೇಷನ್ ಮಾಡೋಣ" ಎಂದಿದ್ದರು ಚಿಕ್ಕಬಳ್ಳಾಪುರದ ಡಾಕ್ಟರು. ಆದರೆ ಈ ಮಗುವಿಗೆ ಹಾಲು ಕುಡಿಯುವುದೇ ಬೆಟ್ಟ ಹತ್ತುವ ಕೆಲಸ. ನಾಲ್ಕು ಗುಟುಕಿಗೆ ಹಣೆಯೆಲ್ಲ ಬೆವರಿ ನಿದ್ದೆ ಹೋಗಿಬಿಡುತ್ತಿತ್ತು. ಕುಡಿದದ್ದರಲ್ಲಿ ಬಹುಪಾಲು ಆ ಹೃದಯದ ಏದುಸಿರಿಗೇ ಖರ್ಚು, ಮೈಗೆ ಹತ್ತುವುದು ಚೂರೇ. ಅದಕ್ಕೇ ಬಾಣಂತನಕ್ಕೆ ಬಂದಿದ್ದ ಮಗಳು ತನ್ನ ಹಾಲು ಹಿಂಡಿ, ಆಸ್ಪತ್ರೆಯವರು ಹೇಳಿದ ಪುಡಿ ಬೆರೆಸಿ, ಹಗಲೂ ರಾತ್ರಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿದ್ದಳು.

ತೂಕ ನೋಡುವ ಜವಾಬ್ದಾರಿ ನನ್ನದು. ಸಾದಲಿಯ ನಮ್ಮ ಮನೆಯಲ್ಲಿ ರೇಷ್ಮೆಗೂಡು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಿತ್ತು. ಮಗಳು ಬುಟ್ಟಿಯಿಟ್ಟು, ಬಟ್ಟೆ ಹಾಸಿ, ಮಗುವನ್ನು ಮಲಗಿಸಿ ಗೋಡೆ ಕಡೆ ತಿರುಗಿಬಿಡುತ್ತಿದ್ದಳು.

"ನಂಗೆ ನೋಡಕ್ಕೆ ಭಯ ಕಣಪ್ಪ. ನೀನೇ ನೋಡಿ ಹೇಳು."

ನೋಡಿ ಹೇಳಿದೆ. ಮೊದಲ ವಾರವೇ ಆಸ್ಪತ್ರೆಯಲ್ಲಿ ಕಂಡದ್ದಕ್ಕಿಂತ ಕಡಿಮೆ! ಆಮೇಲೆ ಏರುತ್ತ ಬಂತು, ಆದರೆ ಎಲ್ಲಿಯ ಐದು? ಮತ್ತೆ ತೋರಿಸಲು ನಾನು, ಹೆಂಡತಿ, ಮಗಳು ಹೊರಟಾಗ ಬಸ್ಸಿನುದ್ದಕ್ಕೂ ಮಗಳದ್ದು ಒಂದೇ ಮಾತು: "ಸಾಲ್ದು ಅಂತ ವಾಪಸ್ ಕಳಿಸ್ತಾರೆ, ಅಲ್ವಾ?"

ನರ್ಸ್ ಮಗುವಿನ ಬಟ್ಟೆ ಬಿಚ್ಚಿ ತೂಗಿದರು. "ಐದು ಕೆಜಿ ದಾಟಿದೆ!"

"ನಿಮ್ಮ ಮಿಷನ್ ಕೆಟ್ಟಿದೆ ಸಿಸ್ಟರ್" ಎಂದೆ.

"ಜಾಸ್ತಿ ಬಂತು ಅಂತ ಕಂಪ್ಲೇಂಟಾ ಸಾರ್?"

"ಮನೇಲಿ ಬುಟ್ಟಿ ತೂಕ ಕಳೆದ್ರೆ ನಾಲ್ಕೂವರೇನೂ ಇಲ್ಲ!"

ಮಗಳು ಗಕ್ಕನೆ ತಿರುಗಿದಳು. "ಬುಟ್ಟಿ ಯಾಕಪ್ಪ ಕಳೆದೆ? ಬುಟ್ಟಿ ಇಟ್ಮೇಲೇ ನಾನು ಬಟನ್ ಒತ್ತಿ ತಕ್ಕಡೀನ ಸೊನ್ನೆಗೆ ತರ್ತಿದ್ನಲ್ಲ!"

ಗೂಡು ತೂಗುವ ಕಡೆ ಬುಟ್ಟಿಯ ತೂಕ ಕಳೆಯದೆ ಲೆಕ್ಕ ಹೇಳಿದವನಲ್ಲ ನಾನು. ತಲೆ ತಾನಾಗೇ ಬುಟ್ಟಿಯ ತೂಕ ಕಳೆಯುತ್ತ ಹೋಗಿದೆ, ವಾರವಾರವೂ!

ಚಿಂತಾಮಣಿ ಕಡೆಯವಳಾದ ನನ್ನ ಹೆಂಡತಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಅಯ್ಯೋ ದೇವುಡಾ! ಮಗೂನೂ ಗೂಡು ಅನ್ಕೊಂಡ್ರಾ? ಮಗಳು ಊಟ ಬಿಟ್ಟು ಅಳ್ತಿದ್ಲಲ್ರೀ!"

ಬೈಸಿಕೊಂಡು ಅಷ್ಟು ಖುಷಿಪಟ್ಟಿದ್ದು ನನಗೆ ನೆನಪಿಲ್ಲ. "ಇನ್ನೊಂದ್ಸಲ ತೂಗಿ ಸಿಸ್ಟರ್!" ಎಂದೆ. ತೂಗಿದರು. ಐದು, ಅದರ ಮೇಲೆ ಒಂದಿಷ್ಟು! ಈ ಸಲ ಮಗಳೂ ಕಣ್ಣು ಬಿಟ್ಟು ನೋಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು.

ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. "ಚೆನ್ನಾಗಿ ಬೆಳೆಸಿದ್ದೀಯಮ್ಮ. ಬರೋ ವಾರ ಅಡ್ಮಿಟ್ ಮಾಡ್ಕೊಳೋಣ. ಅಷ್ಟರಲ್ಲಿ ಶೀತ, ಕೆಮ್ಮು ಮಾತ್ರ ಆಗ್ದಂಗೆ ನೋಡ್ಕೊಳಿ."

ಶೀತ! ಹೊರಗೆ ಬಂದವನೇ ವೇಟಿಂಗ್ ರೂಮಿನ ಫ್ಯಾನುಗಳನ್ನೆಲ್ಲ ಆರಿಸಿದೆ. ಕಾಯುತ್ತ ಕೂತಿದ್ದವರೆಲ್ಲ ಸೆಕೆ ಸೆಕೆ ಎಂದು ನನ್ನ ಮೇಲೆ ಹರಿಹಾಯ್ದರು. ಬೈಯಲಿ ಬಿಡಿ. ಬೆಂಚಿನ ತುದಿಯಲ್ಲಿ ಕೂತು ಮಗಳು ಮುಂದಿನ ಒಳಲೆ ಹಾಲು ಕುಡಿಸಲು ಶುರುಮಾಡಿದ್ದಳು.