ಖಾಯಂ ಆದ ಉಪದೇಶಿ

ನಮ್ಮ ಬಾಜೂ ಮನೆಯ ಸುವಾರ್ತಪ್ಪನ ಬಗ್ಗೆ ಬರೆಯಲು ನನಗಿರುವ ಅರ್ಹತೆ ಒಂದೇ. ಅವನ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನು ನಾನು. ಹೆಸರು ಇಮಾಮುದ್ದೀನ, ಗ್ರಾಮ ಪಂಚಾಯತಿಯಲ್ಲಿ ಕರ ವಸೂಲಿ ಮಾಡಿ ನಿವೃತ್ತನಾದವನು. ಸರಕಾರಿ ಕಚೇರಿಗಿಂತ ನಿಧಾನವಾದದ್ದು ಭೂಮಿಯ ಮೇಲೆ ಇರಲಾರದೆಂದು ನಂಬಿದ್ದೆ. ಸುವಾರ್ತಪ್ಪನ ಚರ್ಚು ಆ ನಂಬಿಕೆಯನ್ನು ಕೆಡಿಸಿತು.

ಗುಡಗೇರಿ ಸ್ಟೇಷನ್ನಿನಿಂದ ನಡೆದರೆ ಒಂದು ತಾಸಿನ ಹಾದಿ ನಮ್ಮೂರು. ಹತ್ತೊಂಬತ್ತು ಮನೆ ಕ್ರೈಸ್ತರಿದ್ದಾರೆ, ಹೆಂಚಿನ ಒಂದು ಪುಟ್ಟ ಚರ್ಚಿದೆ. ಅದರ ಉಪದೇಶಿ ಸುವಾರ್ತಪ್ಪ. ಉಪದೇಶಿ ಎಂದರೆ ಪಾಸ್ಟರ್ ಅಲ್ಲ. ಪಾಸ್ಟರ್ ಇಲ್ಲದಾಗ ಅವರ ಕೆಲಸ ಮಾಡುವವನು. ನಮ್ಮೂರಲ್ಲಂತೂ ಪಾಸ್ಟರ್ ಇರುವುದೇ ಇಲ್ಲ. ಹೀಗಾಗಿ ಗಂಟೆ ಹೊಡೆಯುವುದು, ಕಸ ಗುಡಿಸುವುದು, ರವಿವಾರ ಬೈಬಲ್ ಪ್ರಸಂಗ ಮಾಡುವುದು, ಸತ್ತವರನ್ನು ಮಣ್ಣು ಮಾಡುವುದು, ಕುಡಿದು ಬಡಿದಾಡಿದವರನ್ನು ಬಿಡಿಸುವುದು ಎಲ್ಲ ಅವನದೇ. ಒಂದನ್ನು ಮಾತ್ರ ಮಾಡುವಂತಿಲ್ಲ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ದೀಕ್ಷೆ ಪಡೆದ ಪಾಸ್ಟರರೇ ಕೊಡಬೇಕು.

ಇವರ ವ್ಯವಸ್ಥೆ ನನಗೆ ಅರ್ಜಿಗಳ ವಿಳಾಸ ಬರೆದೂ ಬರೆದೂ ಬಾಯಿಪಾಠವಾಗಿದೆ. ಒಂಬತ್ತು ಊರಿಗೆ ಒಬ್ಬ ಪಾಸ್ಟರ್, ಅವರಿಗೊಂದು ಕಮಿಟಿ. ಅಂಥ ಹತ್ತು ಹನ್ನೆರಡು ಕಮಿಟಿಗಳ ಮೇಲೆ ವಲಯ ಸಮಿತಿ. ವಲಯಗಳ ಮೇಲೆ ಶಹರದಲ್ಲಿ ಸಭಾಪ್ರಾಂತ. ಅಲ್ಲಿ ಆಡಳಿತ ಸಮಿತಿ, ಹಣಕಾಸು ಸಮಿತಿ, ಆಸ್ತಿ ಸಮಿತಿ, ನೇಮಕಾತಿ ಸಮಿತಿ. ಎಲ್ಲಕ್ಕೂ ಮೇಲೆ ಬಿಷಪ್ಪರು. ಮೂರು ವರ್ಷಕ್ಕೊಮ್ಮೆ ಸಮಿತಿಗಳಿಗೆ ಚುನಾವಣೆ. ನಮ್ಮ ಅರ್ಜಿಗಳು ಈ ಮೆಟ್ಟಿಲುಗಳಲ್ಲಿ ಎಲ್ಲಿ ಕೂತು ದಣಿವಾರಿಸಿಕೊಳ್ಳುತ್ತವೋ ದೇವರಿಗೇ ಗೊತ್ತು. ದುಡ್ಡು ಮಾತ್ರ ಎಲ್ಲಿಯೂ ಎಡವುವುದಿಲ್ಲ. ರವಿವಾರದ ಕಾಣಿಕೆ, ತಿಂಗಳ ಚಂದಾ, ಸುಗ್ಗಿ ಹಬ್ಬದ ದಿನ ಅಂಗಳದಲ್ಲಿ ಕುಂಬಳಕಾಯಿ, ಕೋಳಿ, ಕಡಲೆ ಚೀಲ ಲಿಲಾವು ಮಾಡಿ ಬಂದದ್ದು, ಎಲ್ಲದರಲ್ಲೂ ಪ್ರಾಂತದ ಪಾಲು ತಪ್ಪದೆ ಶಹರ ಮುಟ್ಟುತ್ತದೆ. ಆ ಪಾಲಿನಿಂದ ಪಾಸ್ಟರರಿಗೆಲ್ಲ ಸಂಬಳ. ಬಡ ಊರಿಗೂ ಪಾಸ್ಟರ್ ಸಿಗಲೆಂದು ಹಿರಿಯರು ಮಾಡಿದ ಒಳ್ಳೆಯ ಏರ್ಪಾಡು. ಈಗ ಪಾಲು ಹೋಗುತ್ತದೆ, ಪಾಸ್ಟರ್ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಸುವಾರ್ತಪ್ಪ ಇಪ್ಪತ್ತೆಂಟು ವರ್ಷ ಹಂಗಾಮಿಯಾಗಿ ದುಡಿದ. ಅವನಿಗಿದ್ದ ಆಸೆ ಒಂದೇ, ಖಾಯಂ ಆಗಬೇಕು. ಹೊಟ್ಟೆಪಾಡಿಗೆ ಎರಡೆಕರೆ ಹೊಲವಿತ್ತು. ಪ್ರಾಂತದ ಪಟ್ಟಿಯಲ್ಲಿ ತನ್ನ ಹೆಸರು ಇರಬೇಕು ಅನ್ನುವುದು ಅವನ ಹಟ.

“ಸ್ವರ್ಗದ ಪುಸ್ತಕದಾಗ ಹೆಸರು ಐತಂತ ಹೇಳ್ತೀಯಲ್ಲೋ, ಶಹರದ ಪುಸ್ತಕದಾಗ ಇರದಿದ್ರ ಏನಾತು?” ಎಂದು ನಾನು ಕೆಣಕುತ್ತಿದ್ದೆ.

“ಅಲ್ಲಿ ಬರದಾವ್ನು ನನ್ನ ನೋಡ್ಯಾನ, ಇಮಾಮಣ್ಣ. ಇಲ್ಲ್ಯಾವ್ರು ನೋಡಿಲ್ಲಲಾ,” ಅನ್ನುತ್ತಿದ್ದ.

ಕೊನೆಗೂ ಹೋದ ವರ್ಷ ನೇಮಕಾತಿ ಸಮಿತಿ ಅವನನ್ನು ಸಂದರ್ಶನಕ್ಕೆ ಕರೆಯಿತು. ಪತ್ರವನ್ನು ಮೂರು ಸಲ ಓದಿಸಿಕೊಂಡ. ಹೊಸ ಪೈಜಾಮ ಹೊಲಿಸಿದ. ಇನ್ನೆಂಟು ದಿನ ಇದೆ ಅನ್ನುವಾಗ ಅವನ ಹೆಂಡತಿ ಮಹಾನಂದಾ ಮಲಗಿದಳು. ಎದೆಯಲ್ಲಿ ಕಫ ಕಟ್ಟಿ ಉಸಿರೇ ಆಡದು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿರಿ ಅಂದರು. ಹಾಗಂದರೆ ಏನೆಂದು ನಮಗೆಲ್ಲ ಗೊತ್ತು.

ಮಹಾನಂದಾ ಕೇಳಿದ್ದು ಒಂದೇ, ಸಾಯುವ ಮೊದಲು ಕರ್ತನ ಭೋಜನ. ಪಾಸ್ಟರ್ ಬಂದು ಹೋಗಿ ಐದು ತಿಂಗಳಾಗಿತ್ತು. ಸುವಾರ್ತಪ್ಪ ಫೋನ್ ಹಚ್ಚಿ ಸ್ಪೀಕರಿಗೆ ಇಟ್ಟ. ಪಾಸ್ಟರ್ ಆಡಳಿತ ಸಮಿತಿಗೆ ನಿಂತಿದ್ದರು, ಮತ ಕೇಳುತ್ತ ಯಾವುದೋ ಊರಿನ ಲಾಡ್ಜಿನಲ್ಲಿದ್ದರು.

“ಎಲೆಕ್ಷನ್ ಸೋಮವಾರ ಮುಗೀತೈತಿ. ಮಂಗಳವಾರ ಬರ್ತೀನಿ, ಅಲ್ಲೀತನಕ ಪ್ರಾರ್ಥನಾ ಮಾಡ್ರಿ.”

“ಅಯ್ಯನವರ, ಮಂಗಳವಾರದ ತನಕ ಆಕಿ ಇರೂದಿಲ್ರಿ.”

“ದೇವರ ಚಿತ್ತ,” ಎಂದು ಅತ್ತಲಿಂದ ಫೋನ್ ಇಟ್ಟರು.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಎಲ್ಲ ಧರ್ಮಕ್ಕೂ ಸೇರಿಯೇ ಹುಟ್ಟಿರಬೇಕು. ನನಗೆ ಮೈ ಉರಿಯಿತು. ಆದರೆ ಸುವಾರ್ತಪ್ಪನಿಗೆ ನಾನೇ ಬುದ್ಧಿ ಹೇಳಿದೆ. “ನೀನಾಗೇ ಏನರೆ ಕೊಟ್ಟಿ ಅಂದ್ರ ಖಾಯಂ ಅನ್ನೂದು ಮರತ್ಬಿಡು. ಶನಿವಾರ ಸಂದರ್ಶನ ಐತಿ. ಸುಮ್ನಿರು.”

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಅಡುಗೆಮನೆಗೆ ಹೋಗಿ ಒಣದ್ರಾಕ್ಷಿ ಕುದಿಸಿ ರಸ ಹಿಂಡಿದ, ಬುಟ್ಟಿಯಿಂದ ಒಂದು ಜೋಳದ ರೊಟ್ಟಿ ತಂದ. ಮಟಮಟ ಮಧ್ಯಾಹ್ನ, ಬಾಗಿಲು ತೆರೆದಿಟ್ಟೇ ಪುಸ್ತಕದಲ್ಲಿದ್ದ ಪ್ರಾರ್ಥನೆ ಪೂರ್ತಿ ಓದಿದ. ರೊಟ್ಟಿಯ ತುಣುಕನ್ನು ರಸದಲ್ಲಿ ನೆನೆಸಿ ಅವಳ ಬಾಯಿಗಿಟ್ಟ. ನಾನು ಹೊಸ್ತಿಲ ಹೊರಗೆ ನಿಂತು ಅತ್ತೆ. ಅದನ್ನು ಮುಚ್ಚಿಡುವುದೇನಿದೆ?

ಮಹಾನಂದಾ ಸಾಯಲಿಲ್ಲ. ಕಫ ಕರಗಿತು, ಮಂಗಳವಾರದ ಹೊತ್ತಿಗೆ ಗಂಜಿ ಕೇಳಿದಳು. ಡಾಕ್ಟರಿಗೂ ಆಶ್ಚರ್ಯ. ಅಲ್ಲಿಂದ ಸುವಾರ್ತಪ್ಪನ ಗ್ರಹಚಾರ ಕೆಟ್ಟಿತು.

ಯಾರೋ ಶಹರಕ್ಕೆ ಸುದ್ದಿ ಮುಟ್ಟಿಸಿದ್ದರು. ಸಂದರ್ಶನ ರದ್ದಾಯಿತು. ಇಪ್ಪತ್ತೆಂಟು ವರ್ಷ ನನ್ನ ನಲವತ್ತು ಅರ್ಜಿಗೆ ಉತ್ತರ ಕೊಡದ ಪ್ರಾಂತ, ಒಂದು ತುಣುಕು ರೊಟ್ಟಿಗೆ ಎಂಟನೆಯ ದಿನ ಉತ್ತರ ಕೊಟ್ಟಿತು. ಬಿಳಿ ಕಾರಿನಲ್ಲಿ ಮೂವರ ವಿಚಾರಣಾ ಸಮಿತಿ ಬಂತು. ಚರ್ಚಿನಲ್ಲಿ ಮೇಜು ಹಾಕಿಸಿಕೊಂಡು ಕೂತರು.

“ರೊಟ್ಟಿ ಜೋಳದ್ದೋ, ಗೋಧಿಯದೋ?” ಎಂದು ಮೊದಲನೆಯವರು ಕೇಳಿ ಬರೆದುಕೊಂಡರು.

“ಜೋಳದ್ದ್ರಿ. ನಮ್ಮನ್ಯಾಗ ಅದ ಇರ್ತೈತಿ.”

“ಹೆಂಡತಿ ಸಾಯ್ತಾಳಂತ ಕೊಟ್ಟೆ ಅಂತೀರಿ. ಸತ್ತಿಲ್ಲಲ್ಲ?” ಎಂದರು ಎರಡನೆಯವರು.

“ಇಲ್ರಿ. ತಪ್ಪಾತ್ರಿ,” ಎಂದ ಸುವಾರ್ತಪ್ಪ. ಹಾಸ್ಯಕ್ಕಲ್ಲ, ನಿಜವಾಗಿ ಹೆದರಿದ್ದ.

ಸತ್ತಿದ್ದರೆ ತುರ್ತು ಸಂದರ್ಭವೆಂದು ವಿನಾಯಿತಿಗೆ ಶಿಫಾರಸು ಮಾಡಬಹುದಿತ್ತೆಂದು ಮೂರನೆಯವರು ಮರುಗಿದರು. ಅವರೆದುರು ತಾಟಿನಲ್ಲಿ ಚಹಾ ತಂದಿಟ್ಟವಳು ಆ ಸಾಯದ ಹೆಂಡತಿಯೇ. ಬಿಸ್ಕಿಟನ್ನೂ ಇಟ್ಟಳು. ನಾನಾಗಿದ್ದರೆ ಬಿಸ್ಕಿಟ್ ಇಡುತ್ತಿರಲಿಲ್ಲ.

ತಪ್ಪು ಸಾಬೀತಾಯಿತು, ಅಮಾನತು ಮಾಡಬೇಕೆಂದು ತೀರ್ಮಾನವಾಯಿತು. ಆಗ ಶಹರದ ಕಚೇರಿಯ ಗುಮಾಸ್ತ ಒಂದು ತಕರಾರು ತೆಗೆದ. ಅಮಾನತು ಮಾಡಲು ನಿಯಮದಂತೆ ನೌಕರ ಇರಬೇಕು. ಈ ಸುವಾರ್ತಪ್ಪ ಯಾವ ಪಟ್ಟಿಯಲ್ಲೂ ಇಲ್ಲ. ಅವನಿಗೆ ತಿಂಗಳಿಗೆ ಕೊಡುವ ಹಣ ಇಷ್ಟು ವರ್ಷ “ದೀಪ, ಪೊರಕೆ, ಇತ್ಯಾದಿ” ಎಂಬ ತಲೆಬರಹದ ಕೆಳಗೆ ಖರ್ಚು ಬಿದ್ದಿತ್ತು. ಪೊರಕೆಯನ್ನು ಅಮಾನತು ಮಾಡಲು ಬರುವುದಿಲ್ಲ. ಸಮಿತಿಗಳು ಎರಡು ಸಲ ಸೇರಿ ಊಟ ಮಾಡಿ ದಾರಿ ಕಂಡುಹಿಡಿದವು.

ಮುಂದಿನ ರವಿವಾರ ಪಾಸ್ಟರ್ ಬಂದರು. ಚುನಾವಣೆ ಗೆದ್ದಿದ್ದರು, ಕೊರಳಲ್ಲಿ ಇನ್ನೂ ಹಾರದ ಗುರುತಿತ್ತು. ಕೈಯಲ್ಲಿ ಒಂದು ಲಕೋಟೆ. ಅದರೊಳಗಿನ ಮೊದಲ ಪತ್ರ ಓದಿದರು: ಶ್ರೀ ಸುವಾರ್ತಪ್ಪನವರನ್ನು ಇಪ್ಪತ್ತೆಂಟು ವರ್ಷದ ಹಿಂದಿನ ಜೂನ್ ಒಂದರಿಂದ ಪೂರ್ವಾನ್ವಯವಾಗುವಂತೆ ಖಾಯಂ ಉಪದೇಶಿಯೆಂದು ನೇಮಿಸಲಾಗಿದೆ. ಹತ್ತೊಂಬತ್ತೂ ಮನೆಯವರು ಚಪ್ಪಾಳೆ ತಟ್ಟಿದರು. ಸುವಾರ್ತಪ್ಪ ಎದ್ದು ನಿಂತು ಕೈ ಮುಗಿದ, ಕಣ್ಣು ತುಂಬಿತ್ತು. ಅವನು ನಿಂತಿರುವಾಗಲೇ ಎರಡನೆಯ ಪತ್ರ ಓದಿದರು: ಸದರಿ ಖಾಯಂ ಉಪದೇಶಿಯನ್ನು ಇಂದಿನಿಂದ ಎಲ್ಲ ಸೇವೆಗಳಿಂದ ಅಮಾನತು ಮಾಡಲಾಗಿದೆ. ಎರಡಕ್ಕೂ ಒಂದೇ ತಾರೀಖು.

ಹೆಂಗಸರ ಸಾಲಿನಿಂದ ಮಹಾನಂದಾ ಕೇಳಿದಳು, “ಅಯ್ಯನವರ, ಬಂದೀರಲ್ಲ, ಮಂದಿಗೆ ಕರ್ತನ ಭೋಜನರೆ ಕೊಡ್ರಿ. ಅರ್ಧಾ ವರ್ಷಾತು.”

ಪಾಸ್ಟರ್ ಗಡಿಯಾರ ನೋಡಿಕೊಂಡರು. “ಇವತ್ತ ಬರೇ ಪತ್ರ ಓದಾಕ ಬಂದೀನಿ ತಂಗಿ. ದ್ರಾಕ್ಷಾರಸದ ಬಟ್ಟಲಾ ತಂದಿಲ್ಲ.”

“ಹಂಗಾರ ಏಳ್ರಿ ಎಲ್ಲಾರೂ,” ಎಂದಳು ಮಹಾನಂದಾ ಜನರ ಕಡೆ ತಿರುಗಿ. “ನಮ್ಮನ್ಯಾಗ ರೊಟ್ಟಿ ಅದಾವ.”

ಚರ್ಚಿನ ಹಿರಿಯರಲ್ಲೊಬ್ಬ ಹೊಳಬಸಪ್ಪ ಮೊದಲು ಎದ್ದ. ಅವನ ಹಿಂದೆ ಬೆಂಚುಗಳೆಲ್ಲ ಖಾಲಿಯಾದವು. ಸುವಾರ್ತಪ್ಪ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಸೊಂಟದ ಕೀಲಿ ಬಿಚ್ಚಿ ಪಾಸ್ಟರ್ ಕೈಗಿಟ್ಟ. “ದಿನಾ ಆರಕ್ಕ ಗಂಟಿ ಹೊಡೀರಿ. ರವಿವಾರ ಎಂಟಕ್ಕ ಬಾಗಲಾ ತಗೀರಿ. ಹೊಳಬಸಪ್ಪನ ಅವ್ವಗ ಹುಷಾರಿಲ್ಲ, ದಿನಾ ಹೋಗಿ ಪ್ರಾರ್ಥನಾ ಮಾಡ್ರಿ.”

“ಏ, ನಾ ಹೆಂಗ ಬರ್ಲೋ ಮಾರಾಯಾ? ನನಗ ಒಂಬತ್ತು ಊರದಾವ!”

“ಗೊತ್ತೈತ್ರಿ,” ಎಂದ ಸುವಾರ್ತಪ್ಪ. “ಅದಕ್ಕ ಇಷ್ಟ ದಿನಾ ನಾ ಇದ್ದೆ.”